ಸೀಮಂತಕ್ಕೆ ಮುಂಚಿನ ತಟ್ಟೆ

ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರದ ಕಡೆ ಬಸುರಿಯನ್ನು ಚೆನ್ನಾಗಿ ನೋಡಿಕೊಳ್ಳುವುದಿಲ್ಲ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಏಳನೇ ತಿಂಗಳು ಬಿತ್ತೋ, ಹಸಿರು ಬಳೆ, ಮಡಿಲು ತುಂಬ ಹಣ್ಣು, ಬಗೆಬಗೆಯ ಚಿತ್ರಾನ್ನ, ತವರಿನಿಂದ ಡಬ್ಬಗಟ್ಟಲೆ ಕಜ್ಜಾಯ. ಸಾಕಮ್ಮ ಎಂದರೂ ಬಾಯಿಗಿಡುವ ಮುತ್ತೈದೆಯರು ಬೇರೆ. ಪ್ರೀತಿಗೆ ಕೊರತೆಯಿಲ್ಲ. ನನ್ನ ತಕರಾರು ಇರುವುದು ತಿಂಗಳ ಲೆಕ್ಕದಲ್ಲಿ. ಮಗುವಿಗೆ ಅನ್ನ, ನೀರು, ಉಸಿರು ಮೂರನ್ನೂ ಒದಗಿಸುವ ಮಾಸಿನ ಬುನಾದಿ ಅಷ್ಟು ಹೊತ್ತಿಗೆ ಬಿದ್ದು ಎಷ್ಟೋ ಕಾಲವಾಗಿರುತ್ತದೆ.

ಗರ್ಭದ ಮೊದಲ ಹತ್ತು ವಾರ ತಾಯಿಯ ರಕ್ತ ಮಾಸಿನೊಳಗೆ ಸರಾಗವಾಗಿ ಹರಿಯುವುದೇ ಇಲ್ಲ. ಗರ್ಭಕೋಶದ ಗೋಡೆಯಲ್ಲಿರುವ ಸುರುಳಿ ರಕ್ತನಾಳಗಳ ಬಾಯನ್ನು ಭ್ರೂಣದ ಕಡೆಯ ಜೀವಕೋಶಗಳೇ ಮುಚ್ಚಿಕೊಂಡಿರುತ್ತವೆ. ಆಮ್ಲಜನಕ ಹೆಚ್ಚಾದರೆ ಎಳೆಯ ಜೀವಕ್ಕೆ ಆಗಿಬರುವುದಿಲ್ಲ. ಅಲ್ಲಿಯವರೆಗೆ ಅದರ ಆಹಾರವೆಂದರೆ ಗರ್ಭಕೋಶದ ಒಳಪೊರೆಯ ಗ್ರಂಥಿಗಳು ಸ್ರವಿಸುವ ರಸ. ಕೇಂಬ್ರಿಜ್‌ನ ಗ್ರಹಾಂ ಬರ್ಟನ್ ಮತ್ತು ಸಂಗಡಿಗರು 2002ರಲ್ಲಿ ವಿವರಿಸಿದ್ದು ಇದನ್ನೇ. ಹನ್ನೆರಡನೇ ವಾರದ ಆಸುಪಾಸಿನಲ್ಲಿ ನಾಳಗಳು ತೆರೆದುಕೊಳ್ಳುತ್ತವೆ. ಇಪ್ಪತ್ತನೇ ವಾರದ ಹೊತ್ತಿಗೆ ಅವು ಅಗಲವಾಗಿ, ಸಡಿಲವಾಗಿ, ರಕ್ತ ಧಾರಾಳವಾಗಿ ಬರುವಂತಾಗಬೇಕು. ಹಾಗಾಗದಿದ್ದರೆ ಮುಂದೆ ಬಿಪಿ ಏರುವ, ಮಗು ಒಳಗೇ ಸೊರಗುವ ಭಯ. ಅದು ಕಣ್ಣಿಗೆ ಬೀಳುವುದು ಕೊನೆಯ ತಿಂಗಳುಗಳಲ್ಲಿ, ಆಗ ಬೈಸಿಕೊಳ್ಳುವುದು ಕೊನೆಯ ತಿಂಗಳುಗಳ ಊಟ.

ಹಾಗಾದರೆ ಮೊದಲ ಮೂರು ತಿಂಗಳು ಚೆನ್ನಾಗಿ ತಿನ್ನಿಸೋಣ ಎನ್ನುವವರಿದ್ದಾರೆ. ಔಷಧಿ ಅಂಗಡಿಯ ಪುಡಿ ಡಬ್ಬಿಗಳು ಮಾರಾಟವಾಗುವುದೇ ಈ ಮಾತಿನ ಮೇಲೆ. ಇದನ್ನೂ ನಾನು ಒಪ್ಪುವುದಿಲ್ಲ. ಮೊದಲನೆಯದಾಗಿ, ಆ ದಿನಗಳಲ್ಲಿ ತಿನ್ನುವುದಕ್ಕಾದರೂ ಆಗಬೇಕಲ್ಲ! ಒಗ್ಗರಣೆ ವಾಸನೆಗೇ ಹಿತ್ತಲಿಗೆ ಓಡುವವಳಿಗೆ ಉಪ್ಪು ಖಾರ ಹಚ್ಚಿದ ಮಾವಿನಕಾಯಿ ಬಿಟ್ಟರೆ ಬೇರೇನೂ ಸೇರುವುದಿಲ್ಲ. ಎರಡನೆಯದಾಗಿ, ಇಬ್ಬರ ಊಟ ಎನ್ನುವುದು ಆಗ ಬೇಕಾಗಿಯೂ ಇರುವುದಿಲ್ಲ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ 2020ರ ಲೆಕ್ಕದಲ್ಲಿ ಬಸುರಿಗೆ ಹೆಚ್ಚುವರಿ ಪ್ರೋಟೀನ್ ಶುರುವಾಗುವುದೇ ನಾಲ್ಕನೇ ತಿಂಗಳಿಂದ: ದಿನಕ್ಕೆ 9.5 ಗ್ರಾಂ, ಕೊನೆಯ ಮೂರು ತಿಂಗಳಲ್ಲಿ 22 ಗ್ರಾಂ. ಮೊದಲ ವಾರಗಳಲ್ಲಿ ಮೈ ಖರ್ಚು ಮಾಡುವುದು ಹಿಂದೆ ಕೂಡಿಟ್ಟದ್ದನ್ನು. ಶ್ರೀನಿವಾಸಪುರದ ಮಾವಿನ ತೋಟದವರು ಕಾಯಿ ಕಿತ್ತಾದ ಮೇಲೆ, ಮಳೆಗಾಲದಲ್ಲಿ, ಮುಂದಿನ ವರ್ಷದ ಹೂವಿಗಾಗಿ ಗೊಬ್ಬರ ಹಾಕುತ್ತಾರೆ. ಅವರಿಗೆ ಈ ಮಾತನ್ನು ಬಿಡಿಸಿ ಹೇಳಬೇಕಾಗಿಲ್ಲ.

ಫೋಲಿಕ್ ಆಮ್ಲದ ಕಥೆಯೂ ಇದೇ. ಅದು ಬೇಕಾಗುವುದು ಮಗುವಿನ ಬೆನ್ನುಹುರಿಯ ಕೊಳವೆ ಸರಿಯಾಗಿ ಮುಚ್ಚುವುದಕ್ಕೆ, ಆ ಕೊಳವೆ ಗರ್ಭ ಕಟ್ಟಿದ 28 ದಿನಗಳಲ್ಲಿ ಮುಚ್ಚಿಕೊಳ್ಳುತ್ತದೆ. ಮುಟ್ಟು ನಿಂತು, ನಾಕು ದಿನ ನೋಡೋಣ ಅಂದುಕೊಂಡು, ಆಶಾ ಕಾರ್ಯಕರ್ತೆಯ ಹತ್ತಿರ ಪರೀಕ್ಷೆಯ ಕಿಟ್ ತರಿಸಿ, ‘ಮೂರು ತಿಂಗಳು ತುಂಬೋವರೆಗೂ ಯಾರಿಗೂ ಹೇಳಬೇಡ’ ಎಂಬ ಅತ್ತೆಯ ಮಾತು ಕೇಳಿ ತಾಯಿ ಕಾರ್ಡ್ ಮಾಡಿಸುವಷ್ಟರಲ್ಲಿ ಆ ಕೆಲಸ ಮುಗಿದುಹೋಗಿರುತ್ತದೆ.

ಪರಂಗಿ, ಎಳ್ಳು, ಅನಾನಸ್ ‘ಉಷ್ಣ’ ಎಂದು ದೂರವಿಡುವುದನ್ನು ಹಂಗಿಸುವುದಕ್ಕೆ ಆರೋಗ್ಯ ಭಾಷಣಕಾರರು ಅರ್ಧ ಗಂಟೆ ತೆಗೆದುಕೊಳ್ಳುತ್ತಾರೆ. ನನಗೆ ಅದು ದೊಡ್ಡ ವಿಷಯವೆಂದು ಅನಿಸಿಲ್ಲ. ಪರಂಗಿ ತಿನ್ನದೆ ಯಾರ ಮಾಸೂ ಕೆಡುವುದಿಲ್ಲ. ತಟ್ಟೆಯಲ್ಲಿ ಏನನ್ನು ಬಿಟ್ಟರು ಎನ್ನುವುದಕ್ಕಿಂತ ಯಾರ ತಟ್ಟೆಗೆ ಕೊನೆಗೆ ಬಡಿಸಿದರು ಎನ್ನುವುದನ್ನು ನೋಡಬೇಕು. ಗಂಡಸರು, ಮಕ್ಕಳು, ಅತ್ತೆ ಎಲ್ಲರದೂ ಆದ ಮೇಲೆ ಹೊಸ ಸೊಸೆ ಕೂರುವ ಹೊತ್ತಿಗೆ ಮುದ್ದೆ ಇರುತ್ತದೆ. ಸಾರಿನಲ್ಲಿ ಕಾಳು ಇರುವುದಿಲ್ಲ. ಭಾನುವಾರದ ಮಾಂಸದ ಸಾರಾದರೆ ಚೂರು ಇರುವುದಿಲ್ಲ.

ಹಾಗೆಂದು ಕೋಲಾರದ ಅಡುಗೆಯನ್ನು ಹಳಿಯುವುದೂ ತಪ್ಪು. ನೂರು ಗ್ರಾಂ ರಾಗಿಯಲ್ಲಿ 364 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ. ಬಸುರಿಯರ ಬಿಪಿ ತಡೆಯಲು ಕ್ಯಾಲ್ಸಿಯಂ ಎಷ್ಟು ಬೇಕೆಂದು ಬೆಂಗಳೂರಿನ ಸೇಂಟ್ ಜಾನ್ಸ್ ಸಂಶೋಧನಾ ಸಂಸ್ಥೆಯವರು 11,000 ಗರ್ಭಿಣಿಯರಲ್ಲಿ ನೋಡಿ, ದಿನಕ್ಕೆ 500 ಮಿಲಿಗ್ರಾಂ ಮಾತ್ರೆ 1,500 ಮಿಲಿಗ್ರಾಂನಷ್ಟೇ ಸಾಕು ಎಂದು 2024ರಲ್ಲಿ ತಿಳಿಸಿದರು. (ಮಾತ್ರೆ ಬಿಟ್ಟು ಮುದ್ದೆಯೇ ಸಾಕು ಎಂದು ಇದರ ಅರ್ಥವಲ್ಲ, ರಾಗಿಯ ಕ್ಯಾಲ್ಸಿಯಂ ಅಷ್ಟೂ ಮೈಗೆ ಹತ್ತುವುದಿಲ್ಲ, ಮೊಳಕೆ ಕಟ್ಟಿದರೆ ಸ್ವಲ್ಪ ಮೇಲು.) ಬಸ್ಸಾರಂತೂ ಜಾಣತನದ ಅಡುಗೆ. ಸೊಪ್ಪು ಬೇಯಿಸಿದಾಗ ನೀರಿಗಿಳಿಯುವ ಫೋಲೇಟ್ (ಫೋಲಿಕ್ ಆಮ್ಲದ ಆಹಾರ ರೂಪ) ಚೆಲ್ಲಿಹೋಗುವುದಿಲ್ಲ, ಬಸಿದ ಕಟ್ಟೇ ಸಾರಾಗುತ್ತದೆ.

ಕೊರತೆ ಇರುವುದು ಇನ್ನೊಂದು ಕಡೆ. ಮೈಸೂರಿನ ಹೋಲ್ಡ್ಸ್‌ವರ್ತ್ ಆಸ್ಪತ್ರೆಯಲ್ಲಿ 1997-98ರಲ್ಲಿ ಶುರುವಾದ ಪಾರ್ಥೆನಾನ್ ಅಧ್ಯಯನದಲ್ಲಿ 785 ಗರ್ಭಿಣಿಯರ ರಕ್ತ ನೋಡಿದಾಗ ಫೋಲೇಟ್ ಕಡಿಮೆ ಇದ್ದವರು ನೂರಕ್ಕೆ 4, ವಿಟಮಿನ್ ಬಿ12 ಕಡಿಮೆ ಇದ್ದವರು ನೂರಕ್ಕೆ 43. ಸೇಂಟ್ ಜಾನ್ಸ್‌ನವರ 2013ರ ವರದಿಯಲ್ಲಿ, ಫೋಲೇಟ್ ಹೆಚ್ಚು, ಬಿ12 ಕಡಿಮೆ ಸೇವಿಸಿದ ಹೆಂಗಸರಿಗೆ ಸಣ್ಣ ಮಕ್ಕಳು ಹುಟ್ಟುವುದು ಹೆಚ್ಚಾಗಿ ಕಂಡಿತು. ಬಿ12 ಸೊಪ್ಪಿನಲ್ಲಿಲ್ಲ, ರಾಗಿಯಲ್ಲಿಲ್ಲ. ಹಾಲು, ಮೊಟ್ಟೆ, ಮೀನು, ಮಾಂಸದಲ್ಲಿದೆ. ಹಾಲಿಗೆ ಹೆಸರಾದ ಜಿಲ್ಲೆ ಇದು. ಕೋಳಿ ಕೂಗುವ ಹೊತ್ತಿಗೆ ಸಗಣಿ ಬಾಚಿ, ಹುಲ್ಲು ಹಾಕಿ, ಹಸು ಕರೆಯುವವಳು ಆ ಸೊಸೆಯೇ. ಕ್ಯಾನು ಡೇರಿಗೆ ಹೋಗುತ್ತದೆ, ಬಟವಾಡೆ ಬರುತ್ತದೆ, ಅವಳ ಪಾಲಿಗೆ ಟೀಗೆ ಬೆರೆಸಿದ್ದೇ ಹಾಲು.

ಹುಟ್ಟಿದಾಗಿನ ತೂಕ ಸರಿಯಾಗಿದ್ದರೆ ಎಲ್ಲ ಸರಿ ಎನ್ನುವ ಸಮಾಧಾನವನ್ನೂ ಪೂರ್ತಿ ನಂಬುವಂತಿಲ್ಲ. 1944-45ರ ಚಳಿಗಾಲದಲ್ಲಿ ಹಾಲೆಂಡ್ ಹಸಿವಿನಿಂದ ನರಳಿತಲ್ಲ, ಆಗ ಗರ್ಭದ ಕೊನೆಯಲ್ಲಿ ಹಸಿವುಂಡವರ ಮಕ್ಕಳು ತೂಕ ಕಡಿಮೆಯಾಗಿ ಹುಟ್ಟಿದರು. ಗರ್ಭದ ಆರಂಭದಲ್ಲಿ ಹಸಿವುಂಡು ಆಮೇಲೆ ಹೊಟ್ಟೆ ತುಂಬಿದವರ ಮಕ್ಕಳು ಸರಿಯಾದ ತೂಕಕ್ಕೇ ಹುಟ್ಟಿದರು. ಹೃದ್ರೋಗ ಹೆಚ್ಚಾಗಿ ಕಂಡದ್ದು ಈ ಮಕ್ಕಳಲ್ಲೇ, ನಡುವಯಸ್ಸಿಗೆ ಬಂದಾಗ.

ಬಸುರಿಗೆ ಮುಂಚೆ ತಿನ್ನಿಸಿದರೆ ಪವಾಡವಾಗುತ್ತದೆಯೇ? ಅದೂ ಇಲ್ಲ. ಮುಂಬೈನ ಕೊಳೆಗೇರಿಗಳಲ್ಲಿ ಸೊಪ್ಪು, ಹಣ್ಣು, ಹಾಲು ಸೇರಿಸಿದ ತಿಂಡಿಯನ್ನು ಮದುವೆಯಾದ ಹೆಂಗಸರಿಗೆ ದಿನಾ ಕೊಟ್ಟು ನೋಡಿದರು. ಫಲಿತಾಂಶ 2014ರಲ್ಲಿ ಬಂತು. ಒಟ್ಟಾರೆ ಮಕ್ಕಳ ತೂಕದಲ್ಲಿ ಹೇಳಿಕೊಳ್ಳುವ ವ್ಯತ್ಯಾಸವಿಲ್ಲ. ಗರ್ಭ ಕಟ್ಟುವುದಕ್ಕೆ ಮೂರು ತಿಂಗಳಿಗೂ ಮುಂಚಿನಿಂದ ತಿಂದವರ ಮಕ್ಕಳಲ್ಲಿ ಮಾತ್ರ ತೂಕ ಕೊಂಚ ಏರಿತು. ತಿಂಡಿ ತಿಂದವರಲ್ಲಿ ಬಸುರಿನ ಸಕ್ಕರೆ ಕಾಯಿಲೆ ತಗ್ಗಿತೆಂದೂ ಆಮೇಲೆ ತಿಳಿಯಿತು. ತೂಕದ ಲಾಭ ಸಣ್ಣದು, ನಿಜ. ಆದರೆ ಅದು ಬಂದದ್ದು ಬೇಗ ಶುರು ಮಾಡಿದವರಿಗೆ.

ನಮ್ಮ ಯೋಜನೆಗಳೋ, ಸೀಮಂತದ ಪಂಚಾಂಗವನ್ನೇ ಹಿಡಿದು ನಡೆಯುತ್ತಿವೆ. 2017ರ ಅಕ್ಟೋಬರ್ 2ರಂದು ಶುರುವಾದ ಅಂಗನವಾಡಿ ಊಟದ ಯೋಜನೆ ಮಾತೃಪೂರ್ಣದಲ್ಲಿ ಅನ್ನ, ಸಾಂಬಾರು, ಮೊಟ್ಟೆ, ಹಾಲು, ಕಡಲೆಬೀಜದ ಚಿಕ್ಕಿ ಎಲ್ಲ ಇದೆ. ಊಟದಲ್ಲಿ ತಪ್ಪು ಹುಡುಕಲಾರೆ. ಆದರೆ ಅದು ಸಿಗುವುದು ಬಸುರಿ ಎಂದು ಬರೆಸಿಕೊಂಡ ಮೇಲೆ. ಸರ್ಕಾರಿ ಶಾಲೆಯ ಹುಡುಗಿಗೆ ಹತ್ತನೇ ತರಗತಿಯವರೆಗೆ ಮೊಟ್ಟೆಯೂ ಉಂಟು, ಕ್ಷೀರಭಾಗ್ಯದ ಹಾಲೂ ಉಂಟು. ಆಮೇಲೆ ಮಾಲೂರಿನ ಗಾರ್ಮೆಂಟ್ಸ್‌ಗೋ, ಟೊಮೇಟೊ ಬಿಡಿಸುವ ಕೂಲಿಗೋ ಹೋಗುವ, ಮದುವೆಯಾಗುವ ಆ ನಾಲ್ಕೈದು ವರ್ಷ ಅವಳ ತಟ್ಟೆ ಯಾರ ಲೆಕ್ಕಕ್ಕೂ ಇಲ್ಲ. ವಾರಕ್ಕೊಂದು ಕಬ್ಬಿಣದ ಮಾತ್ರೆ ಕಾಗದದ ಮೇಲಿದೆ.

ಆಶಾ ಕಾರ್ಯಕರ್ತೆಯ ಬಳಿ ಅರ್ಹ ದಂಪತಿಗಳ ಪುಸ್ತಕ ಇದ್ದೇ ಇದೆ. ಹೊಸದಾಗಿ ಮದುವೆಯಾಗಿ ಬಂದವಳ ಹೆಸರು ಅದರಲ್ಲಿರುತ್ತದೆ. ಇಲಾಖೆ ಅದನ್ನು ಬಿಚ್ಚುವುದು ಸಂತಾನ ನಿಯಂತ್ರಣದ ಲೆಕ್ಕಕ್ಕೆ. ಹಾಲು, ಮೊಟ್ಟೆಯ ಲೆಕ್ಕಕ್ಕೂ ಬಿಚ್ಚಬಹುದಲ್ಲ? ಹೊಸ ಸೊಸೆ ಅಂಗನವಾಡಿ ಮೆಟ್ಟಿಲು ಹತ್ತಿದರೆ ಊರಿಗೆ ಊರೇ ಬಸುರಿ ಎಂದು ಮಾತಾಡಿಕೊಳ್ಳುತ್ತದೆ, ಅದಕ್ಕೇ ಅವಳು ಬರುವುದಿಲ್ಲ ಎನ್ನುತ್ತಾರೆ. ಸರಿಯಾದ ಮಾತು. ಹಾಗಾದರೆ ಶಾಲೆ ಬಿಟ್ಟ ಹುಡುಗಿಯಿಂದ ಹಿಡಿದು ಎಲ್ಲ ಎಳೆಯ ಹೆಂಗಸರಿಗೂ ಕೊಡಿ. ಯಾರು ಬಸುರಿ, ಯಾರು ಅಲ್ಲ ಎಂದು ಆಗ ಯಾರೂ ಕೇಳಬೇಕಾಗಿಲ್ಲ.