ಬುಧವಾರದ ಸಭೆ, ಭಾನುವಾರದ ನಡಿಗೆ: ಬೆಂಗಳೂರಿನ ಸಾರ್ವಜನಿಕ ವಿಜ್ಞಾನ

ವರ್ಷವೊಂದರಲ್ಲಿ ನಡೆಯುವ ಕಾರ್ಯಕ್ರಮಗಳ ಲೆಕ್ಕ ಹಿಡಿದು ನಗರವೊಂದರ ವಿಜ್ಞಾನಾಸಕ್ತಿಯನ್ನು ಅಳೆಯುವುದಾದರೆ ಬೆಂಗಳೂರಿಗೆ ಸರಿಗಟ್ಟುವ ಊರುಗಳು ಭಾರತದಲ್ಲಿ ಹೆಚ್ಚಿಲ್ಲ. 1909ರಲ್ಲಿ ಸ್ಥಾಪನೆಯಾದ ಭಾರತೀಯ ವಿಜ್ಞಾನ ಸಂಸ್ಥೆ, 1948ರ ರಾಮನ್ ಸಂಶೋಧನಾ ಸಂಸ್ಥೆ, ಕೋರಮಂಗಲದ ಭಾರತೀಯ ಖಭೌತ ಸಂಸ್ಥೆ, ಹೆಸರಘಟ್ಟ ಹೋಬಳಿಯ ಅಂತರರಾಷ್ಟ್ರೀಯ ಸೈದ್ಧಾಂತಿಕ ವಿಜ್ಞಾನ ಕೇಂದ್ರ, ಹೈಗ್ರೌಂಡ್ಸ್‌ನ ತಾರಾಲಯ, ಕಸ್ತೂರ್ಬಾ ರಸ್ತೆಯ ವಿಶ್ವೇಶ್ವರಯ್ಯ ವಸ್ತು ಸಂಗ್ರಹಾಲಯ ಇವೆಲ್ಲವೂ ಒಂದಲ್ಲ ಒಂದು ಬಗೆಯಲ್ಲಿ ಸಾರ್ವಜನಿಕರಿಗೆ ಬಾಗಿಲು ತೆರೆಯುತ್ತವೆ. ಇವುಗಳ ಹೊರಗೆ ಪಕ್ಷಿವೀಕ್ಷಕರ, ಚಿಟ್ಟೆಪ್ರಿಯರ, ಮರಗಳನ್ನು ಗುರುತಿಸಲು ಹೊರಡುವವರ, ಕೆರೆ ಕಾಯುವವರ ಗುಂಪುಗಳು ವಾರಾಂತ್ಯದ ಮುಂಜಾವುಗಳನ್ನು ತುಂಬಿಕೊಂಡಿವೆ. ಆದರೆ ಈ ಸಮೃದ್ಧಿಯನ್ನು ಒಂದೇ ರಾಶಿಯೆಂದು ಎಣಿಸಿದರೆ ಅದರೊಳಗಿನ ಮುಖ್ಯವಾದ ವ್ಯತ್ಯಾಸವೊಂದು ಕಣ್ತಪ್ಪಿಹೋಗುತ್ತದೆ. ಒಮ್ಮೆ ಬಂದು ಬೆರಗಾಗಿ ಮರಳುವ ಜನಸಂದಣಿಯನ್ನು ಸೇರಿಸುವ ಕಾರ್ಯಕ್ರಮಗಳು ಬೇರೆ, ಒಂದೇ ಜಾಗಕ್ಕೆ ಒಂದೇ ಹೊತ್ತಿಗೆ ಮತ್ತೆ ಮತ್ತೆ ಬಂದು ನೋಡುವುದನ್ನೂ ಕೇಳುವುದನ್ನೂ ರೂಢಿಸಿಕೊಂಡ ಬಳಗವನ್ನು ಬೆಳೆಸುವ ಕಾರ್ಯಕ್ರಮಗಳು ಬೇರೆ. ಈಚಿನ ವರ್ಷಗಳಲ್ಲಿ ಹಣ, ಪ್ರಚಾರ ಮತ್ತು ಗಮನ ಮೊದಲನೆಯದರ ಕಡೆಗೆ ಹರಿಯುತ್ತಿದ್ದರೂ ನಗರದ ನಿಜವಾದ ಸಾಧನೆ ಎರಡನೆಯದರಲ್ಲಿದೆ.

ಎರಡನೆಯ ಬಗೆಗೆ ಕನ್ನಡದಲ್ಲಿ ಹಳೆಯ ಬೇರುಗಳಿವೆ. ಬೆಳ್ಳಾವೆ ವೆಂಕಟನಾರಣಪ್ಪ ಮತ್ತು ನಂಗಪುರಂ ವೆಂಕಟೇಶ ಅಯ್ಯಂಗಾರರು ‘ವಿಜ್ಞಾನ’ ಎಂಬ ಮಾಸಪತ್ರಿಕೆಯನ್ನು 1918ರಷ್ಟು ಹಿಂದೆಯೇ ಬೆಂಗಳೂರಿನಲ್ಲಿ ಆರಂಭಿಸಿದ್ದರು. ಪತ್ರಿಕೆ ಅಲ್ಪಾಯುಷಿಯಾದರೂ, ಕಾಲೇಜಿನ ಅಧ್ಯಾಪಕನ ಕೆಲಸ ತರಗತಿಯ ಗೋಡೆಯೊಳಗೆ ಮುಗಿಯುವುದಿಲ್ಲವೆಂಬ ನಂಬಿಕೆಯನ್ನು ಅದು ಗಟ್ಟಿಮಾಡಿತು. ಮೈಸೂರು ವಿಶ್ವವಿದ್ಯಾನಿಲಯದ ಪ್ರಚಾರೋಪನ್ಯಾಸಗಳು ಇದೇ ನಂಬಿಕೆಯ ಮುಂದುವರಿಕೆಯಾಗಿದ್ದವು. ಇನ್ನೊಂದು ಮಾದರಿಯನ್ನು ಸಿ.ವಿ. ರಾಮನ್ ಒದಗಿಸಿದರು: ತಮ್ಮ ಸಂಸ್ಥೆಯಲ್ಲಿ ಅಕ್ಟೋಬರ್ 2ರಂದು ಅವರು ಕೊಡುತ್ತಿದ್ದ ಗಾಂಧಿ ಸ್ಮಾರಕ ಉಪನ್ಯಾಸವು 1970ರಲ್ಲಿ, ಅವರ ನಿಧನಕ್ಕೆ ಎರಡು ತಿಂಗಳೂ ಉಳಿದಿಲ್ಲದಿದ್ದಾಗ, ಕೊನೆಯ ಬಾರಿಗೆ ಅವರ ದನಿಯಲ್ಲಿ ನಡೆಯಿತು. ರಾಮನ್ನರದು ಒಬ್ಬ ಮಹಾವ್ಯಕ್ತಿಯ ಮಾತಿನ ಸೊಗಸಿನ ಮೇಲೆ ನಿಂತ ಮಾದರಿಯಾಗಿದ್ದರಿಂದ ಅದನ್ನು ಅನುಕರಿಸುವುದು ಸುಲಭವಾಗಿರಲಿಲ್ಲ.

ವ್ಯಕ್ತಿಯನ್ನು ಅವಲಂಬಿಸದೆ ಅಭ್ಯಾಸವನ್ನು ಅವಲಂಬಿಸಿದ ಮಾದರಿಯೆಂದರೆ ಬೆಂಗಳೂರು ಸೈನ್ಸ್ ಫೋರಂ. ಭೌತವಿಜ್ಞಾನದ ಅಧ್ಯಾಪಕರೂ ಬಸವನಗುಡಿಯ ನ್ಯಾಷನಲ್ ಕಾಲೇಜಿನ ಪ್ರಾಂಶುಪಾಲರೂ ಆಗಿದ್ದ ಎಚ್. ನರಸಿಂಹಯ್ಯನವರು 1962ರಲ್ಲಿ ಇದನ್ನು ಕಟ್ಟಿದರು. ವಾರಕ್ಕೊಮ್ಮೆ, ಬುಧವಾರ ಸಂಜೆ, ಕಾಲೇಜಿನ ಸಭಾಂಗಣದಲ್ಲಿ ಒಂದು ಉಪನ್ಯಾಸ, ಅದರ ನಂತರ ಪ್ರಶ್ನೋತ್ತರ, ಯಾರು ಬೇಕಾದರೂ ಬಂದು ಕೂರಬಹುದಾದ ಬೆಂಚುಗಳು: ವ್ಯವಸ್ಥೆ ಇಷ್ಟೇ. ಇದರ ಜೊತೆಗೆ ವರ್ಷಕ್ಕೊಮ್ಮೆ ತಿಂಗಳುದ್ದಕ್ಕೂ ನಡೆಯುವ ವಿಜ್ಞಾನೋತ್ಸವವೊಂದಿದೆ. ಮೇಲುನೋಟಕ್ಕೆ ತೀರ ಸಾದಾ ಎನಿಸುವ ಈ ವ್ಯವಸ್ಥೆಯ ಬಲವಿರುವುದು ಅದರ ನಿಯತತೆಯಲ್ಲಿ. ಇಂದಿನ ವಿಷಯ ಖಗೋಳವೋ ಕ್ಯಾನ್ಸರೋ ಎಂಬುದನ್ನು ಮೊದಲೇ ತಿಳಿಯದೆಯೂ ಬುಧವಾರವಾದ್ದರಿಂದ ಬರುವ ಕೇಳುಗನೊಬ್ಬ ಸೃಷ್ಟಿಯಾದಾಗ, ತನಗೆ ಆಸಕ್ತಿ ಇದೆಯೆಂದು ತಾನೇ ಅರಿಯದ ವಿಷಯಗಳತ್ತಲೂ ಅವನ ಕಿವಿ ತೆರೆದುಕೊಳ್ಳುತ್ತದೆ. ಭಾಷಣಕಾರನಿಗೂ ತನ್ನೆದುರು ಕೂತವರು ಹೋದ ವಾರ ಇನ್ನೊಬ್ಬರನ್ನು ಪ್ರಶ್ನಿಸಿ ಬಂದವರೆಂಬ ಎಚ್ಚರವಿರುತ್ತದೆ.

ನರಸಿಂಹಯ್ಯನವರಿಗೆ ಈ ವೇದಿಕೆ ಮಾಹಿತಿ ಹಂಚುವ ಸಾಧನ ಮಾತ್ರವಾಗಿರಲಿಲ್ಲ. ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಗಳಾಗಿದ್ದಾಗ, 1976ರಲ್ಲಿ, ಪವಾಡಗಳನ್ನೂ ಪರೀಕ್ಷಿಸಲು ಸಾಧ್ಯವಿರುವ ಮೂಢನಂಬಿಕೆಗಳನ್ನೂ ತನಿಖೆ ಮಾಡುವ ಸಮಿತಿಯನ್ನು ರಚಿಸಿ ದೊಡ್ಡ ವಿವಾದಕ್ಕೆ ಎದೆಗೊಟ್ಟವರು ಅವರು. ಆ ಸಮಿತಿಯ ಹಿಂದಿದ್ದ ಮನೋಧರ್ಮಕ್ಕೂ ಬುಧವಾರದ ಸಭೆಯ ಹಿಂದಿದ್ದ ಮನೋಧರ್ಮಕ್ಕೂ ಅಂತರವಿಲ್ಲ: ಹೇಳಿಕೆ ಯಾರದಾದರೂ ಅದನ್ನು ಪ್ರಶ್ನಿಸುವ ಹಕ್ಕು ಎದುರು ಕೂತವನಿಗಿದೆ ಎಂಬುದೇ ಎರಡರ ತಿರುಳು. ಈ ದೃಷ್ಟಿಯಿಂದ ನೋಡಿದರೆ ಉಪನ್ಯಾಸಕ್ಕಿಂತಲೂ ಅದರ ಕೊನೆಯ ಕಾಲುಗಂಟೆಯೇ ಇಂಥ ಸಭೆಯ ಜೀವಾಳ, ಮತ್ತು ಪ್ರಶ್ನೋತ್ತರವನ್ನು ಸಮಯಾಭಾವದ ನೆಪದಲ್ಲಿ ಮೊಟಕುಗೊಳಿಸಿ ನೆನಪಿನ ಕಾಣಿಕೆ ಕೊಡುವುದಕ್ಕೆ ಧಾವಿಸುವ ಸಂಘಟಕರು (ನಗರದಲ್ಲಿ ಇಂಥವರಿಗೆ ಕೊರತೆಯಿಲ್ಲ) ಸಿಪ್ಪೆಯನ್ನು ಇಟ್ಟುಕೊಂಡು ಹಣ್ಣನ್ನು ಎಸೆಯುತ್ತಿದ್ದಾರೆ.

ಹಾಗೆಂದು ವಾರದ ಉಪನ್ಯಾಸದ ಮಾದರಿಗೆ ಮಿತಿಗಳಿಲ್ಲವೆಂದಲ್ಲ. ಒಂದು ವಾರದ ಮಾತಿಗೂ ಮುಂದಿನ ವಾರದ ಮಾತಿಗೂ ಕೊಂಡಿ ಇರುವುದಿಲ್ಲವಾದ್ದರಿಂದ ಕೇಳುಗನ ತಿಳಿವಳಿಕೆ ಅಗಲವಾಗುತ್ತದೆಯೇ ಹೊರತು ಆಳವಾಗುವುದು ಅಪರೂಪ. ಅದಕ್ಕಿಂತ ಮುಖ್ಯವಾಗಿ, ಕೇಳುಗ ಇಲ್ಲಿ ಯಾವುದನ್ನೂ ತಾನೇ ಅಳೆಯುವುದಿಲ್ಲ, ಎಣಿಸುವುದಿಲ್ಲ, ತಪ್ಪು ಮಾಡಿ ತಿದ್ದಿಕೊಳ್ಳುವುದಿಲ್ಲ. ಈ ಕೊರತೆಯನ್ನು ತುಂಬುವ ಭರವಸೆಯೊಂದಿಗೆ ಬಂದವು ಪ್ರದರ್ಶನಪ್ರಧಾನ ಕಾರ್ಯಕ್ರಮಗಳು.

ಅವುಗಳಲ್ಲಿ ಅತ್ಯಂತ ಜನಪ್ರಿಯವಾದುದು ಭಾರತೀಯ ವಿಜ್ಞಾನ ಸಂಸ್ಥೆಯ ‘ಓಪನ್ ಡೇ’. ಫೆಬ್ರವರಿ ಅಥವಾ ಮಾರ್ಚ್ ತಿಂಗಳ ಒಂದು ಶನಿವಾರ, ರಾಮನ್ ಪರಿಣಾಮದ ನೆನಪಿನ ರಾಷ್ಟ್ರೀಯ ವಿಜ್ಞಾನ ದಿನದ ಆಸುಪಾಸಿನಲ್ಲಿ, ಸುಮಾರು 400 ಎಕರೆಯ ಆವರಣವನ್ನು ಎಲ್ಲರಿಗೂ ತೆರೆದಾಗ ಸಾವಿರಾರು ಜನ ಶಾಲಾಮಕ್ಕಳೊಂದಿಗೆ ಒಳಹೊಕ್ಕು, ದ್ರವ ನೈಟ್ರೋಜನ್ನಿನಲ್ಲಿ ಅದ್ದಿದ ಹೂವು ಗಾಜಿನಂತೆ ಪುಡಿಯಾಗುವುದನ್ನೂ ಅಧಿಕ ವೋಲ್ಟೇಜ್ ಪ್ರಯೋಗಾಲಯದ ಕೃತಕ ಸಿಡಿಲನ್ನೂ ನೋಡಲು ಸಾಲುಗಟ್ಟುತ್ತಾರೆ. ತೆರಿಗೆದಾರರ ಹಣದಲ್ಲಿ ನಡೆಯುವ ಸಂಸ್ಥೆಯೊಂದು ವರ್ಷಕ್ಕೊಮ್ಮೆಯಾದರೂ ತನ್ನ ಒಳಮನೆಯನ್ನು ತೋರಿಸುವುದು ಒಳ್ಳೆಯದೇ. ಸಂಶೋಧನಾ ವಿದ್ಯಾರ್ಥಿಯೊಬ್ಬಳು ಎಂಟನೆಯ ತರಗತಿಯ ಹುಡುಗನಿಗೆ ತನ್ನ ಕೆಲಸವನ್ನು ವಿವರಿಸಬೇಕಾಗಿ ಬರುವುದರಿಂದ ಆಗುವ ಪ್ರಯೋಜನ ಹುಡುಗನಿಗಿಂತ ವಿದ್ಯಾರ್ಥಿನಿಗೇ ಹೆಚ್ಚಿರಬಹುದು. ಆದರೆ ಸಾಲಿನಲ್ಲಿ ಹಿಂದಿನವರು ತಳ್ಳುತ್ತಿರುವಾಗ ಎರಡನೆಯ ಪ್ರಶ್ನೆ ಕೇಳಲು ಯಾರಿಗೂ ಅವಕಾಶವಿಲ್ಲ. ಹೂವು ಪುಡಿಯಾಗಲು ಕಾರಣವೇನು, ಶೂನ್ಯಕ್ಕಿಂತ 196 ಡಿಗ್ರಿ ಸೆಲ್ಸಿಯಸ್ ಕೆಳಗಿನ ಆ ದ್ರವವನ್ನು ಅಸಲಿಗೆ ಯಾವ ಸಂಶೋಧನೆಗಾಗಿ ಅಲ್ಲಿಟ್ಟಿದ್ದಾರೆ ಎಂಬುದನ್ನು ತಿಳಿಯದೆಯೇ ಬಹುಪಾಲು ಜನ ಮುಂದಿನ ಕೊಠಡಿಗೆ ಸಾಗುತ್ತಾರೆ. ಒಂದು ದಿನದ ಈ ಔದಾರ್ಯವು ಉಳಿದ ದಿನಗಳ ಮುಚ್ಚಿದ ಗೇಟಿಗೆ ಸಮಜಾಯಿಷಿಯಾಗಿಬಿಡುವ ಅಪಾಯವನ್ನೂ ಗಮನಿಸಬೇಕು. ಈ ವಿಷಯದಲ್ಲಿ, 2024ರ ಜನವರಿಯಲ್ಲಿ ಬಳ್ಳಾರಿ ರಸ್ತೆಯ ತನ್ನ ಕಟ್ಟಡದಲ್ಲಿ ಇಂಗಾಲವನ್ನು ಕುರಿತ ಪ್ರದರ್ಶನದೊಂದಿಗೆ ತೆರೆದುಕೊಂಡ ಸೈನ್ಸ್ ಗ್ಯಾಲರಿ ಬೆಂಗಳೂರು ಮೇಲು: ಒಂದೇ ವಸ್ತುವನ್ನು ತಿಂಗಳುಗಟ್ಟಲೆ ಪ್ರದರ್ಶನದಲ್ಲಿಟ್ಟು, ಅದರ ಬಳಿ ಮಾತಿಗೆ ಸಿಗುವ ತರುಣರನ್ನು ನಿಲ್ಲಿಸುವುದರಿಂದ, ಅಲ್ಲಿಗೆ ಮರಳಿ ಹೋಗುವುದಕ್ಕೆ ಅರ್ಥವಿದೆ.

ಪ್ರದರ್ಶನವನ್ನೂ ಅಭ್ಯಾಸವನ್ನೂ ಕೂಡಿಸಿದ ಸಂಸ್ಥೆಯೊಂದನ್ನು ಹೆಸರಿಸುವುದಾದರೆ ಅದು ಜವಾಹರಲಾಲ್ ನೆಹರೂ ತಾರಾಲಯ. ನಗರಪಾಲಿಕೆ 1989ರಲ್ಲಿ ಕಟ್ಟಿಸಿ, 1992ರಲ್ಲಿ ರೂಪುಗೊಂಡ ಬೆಂಗಳೂರು ಅಸೋಸಿಯೇಷನ್ ಫಾರ್ ಸೈನ್ಸ್ ಎಜುಕೇಶನ್‌ಗೆ ಒಪ್ಪಿಸಿದ ಈ ತಾರಾಲಯವು ಗುಮ್ಮಟದ ಕೆಳಗೆ ಆಕಾಶ ತೋರಿಸುವುದರಲ್ಲೇ ತೃಪ್ತವಾಗದೆ, ಪ್ರೌಢಶಾಲೆಯ ಮಕ್ಕಳಿಗೆ ವಾರಾಂತ್ಯದ ತರಗತಿಗಳನ್ನೂ ಪದವಿ ವಿದ್ಯಾರ್ಥಿಗಳಿಗೆ ವರ್ಷಗಟ್ಟಲೆ ಸಾಗುವ ಭೌತವಿಜ್ಞಾನದ ಪಾಠಕ್ರಮವನ್ನೂ ನಡೆಸಿಕೊಂಡು ಬಂದಿದೆ. ಸೈದ್ಧಾಂತಿಕ ವಿಜ್ಞಾನ ಕೇಂದ್ರದ ‘ಕಾಪಿ ವಿತ್ ಕ್ಯೂರಿಯಾಸಿಟಿ’ ಉಪನ್ಯಾಸಮಾಲೆಗೂ ಅದು ಆಸರೆಯಾಗಿದೆ.

ತಾರಾಲಯದಂಥ ಸಂಸ್ಥೆಗಳು ಜನರ ಮುಂದಿಟ್ಟ ಸಂಗತಿಗಳಲ್ಲಿ ‘ಶೂನ್ಯ ನೆರಳಿನ ದಿನ’ದಷ್ಟು ಅಗ್ಗವೂ ಅರ್ಥವತ್ತಾದುದೂ ಇನ್ನೊಂದಿಲ್ಲ. ಕರ್ಕಾಟಕ ಮತ್ತು ಮಕರ ಸಂಕ್ರಾಂತಿ ವೃತ್ತಗಳ ನಡುವಿನ ಊರುಗಳಲ್ಲಿ ಮಾತ್ರ ವರ್ಷಕ್ಕೆ ಎರಡು ಸಲ ನಡುಹಗಲಿನ ಸೂರ್ಯ ಸರಿಯಾಗಿ ನೆತ್ತಿಯ ಮೇಲೆ ಬರುತ್ತಾನೆ. ಆ ಕ್ಷಣದಲ್ಲಿ ನೆಟ್ಟಗೆ ನಿಂತ ಕೋಲಿನ ನೆರಳು ಅದರ ಬುಡದಲ್ಲೇ ಅಡಗುತ್ತದೆ. ಸುಮಾರು 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿರುವ ಬೆಂಗಳೂರಿಗೆ ಈ ದಿನಗಳು ಏಪ್ರಿಲ್ 24 ಅಥವಾ 25 ಮತ್ತು ಆಗಸ್ಟ್ 18ರ ಸುಮಾರಿಗೆ ಬರುತ್ತವೆ. ಕಲಬುರಗಿ ಇನ್ನೂ ಉತ್ತರಕ್ಕಿರುವುದರಿಂದ ಅದರ ಮೊದಲ ಸರದಿ ಮೇ ತಿಂಗಳಿನಲ್ಲಿ. ಏಪ್ರಿಲ್‌ನಲ್ಲಿ ಇದು ನಡೆಯುವುದು ಗಡಿಯಾರದ 12 ಗಂಟೆಗಲ್ಲ, 12 ಗಂಟೆ 17 ನಿಮಿಷದ ಹೊತ್ತಿಗೆ. ಭಾರತದ ಗಡಿಯಾರಗಳು 82.5 ಡಿಗ್ರಿ ಪೂರ್ವ ರೇಖಾಂಶಕ್ಕೆ ಹೊಂದಿಕೊಂಡಿದ್ದು, ಬೆಂಗಳೂರು ಅದಕ್ಕಿಂತ ಸುಮಾರು 5 ಡಿಗ್ರಿ ಪಶ್ಚಿಮಕ್ಕಿರುವುದರಿಂದ, ಡಿಗ್ರಿಗೆ 4 ನಿಮಿಷದಂತೆ ಇಲ್ಲಿ ನಡುಹಗಲು 20 ನಿಮಿಷದಷ್ಟು ತಡವಾಗುತ್ತದೆ. ಭೂಮಿಯ ಅಕ್ಷದ ಓರೆ ಮತ್ತು ಕಕ್ಷೆಯ ಆಕಾರಗಳಿಂದಾಗಿ ಈ ಲೆಕ್ಕ ಋತುವಿಗೆ ತಕ್ಕಂತೆ ಕೆಲವು ನಿಮಿಷ ಹಿಂದುಮುಂದಾಗುತ್ತದೆ.

ಪತ್ರಿಕೆಗಳಲ್ಲಿ ಈ ದಿನ ನೆರಳಿಲ್ಲದ ಬಾಟಲಿಯ ಛಾಯಾಚಿತ್ರವಾಗಿ ಮುಗಿದುಹೋಗುವುದು ದುರದೃಷ್ಟಕರ, ಏಕೆಂದರೆ ನೆರಳು ಮಾಯವಾಗುವುದಕ್ಕಿಂತ ಬೇರೊಂದು ಊರಿನಲ್ಲಿ ಅದು ಮಾಯವಾಗದಿರುವುದೇ ಹೆಚ್ಚು ಕುತೂಹಲಕಾರಿ. ಹೆಚ್ಚುಕಡಿಮೆ ಬೆಂಗಳೂರಿನ ರೇಖಾಂಶದಲ್ಲೇ ಉತ್ತರಕ್ಕಿರುವ ಭೋಪಾಲದಲ್ಲಿ ಆ ನಡುಹಗಲು ಒಂದು ಮೀಟರ್ ಕೋಲಿನ ನೆರಳು ಸುಮಾರು 18 ಸೆಂಟಿಮೀಟರ್ ಇರುತ್ತದೆ. ಇದರಿಂದ ಎರಡು ಊರುಗಳ ನಡುವಿನ ಕೋನ 10.3 ಡಿಗ್ರಿಯೆಂದು, ಅಂದರೆ ಇಡೀ ವೃತ್ತದ 35ರಲ್ಲಿ ಒಂದು ಪಾಲೆಂದು ಸಿಗುತ್ತದೆ. ನಡುವಿನ ನೇರ ದೂರ ಸುಮಾರು 1140 ಕಿಲೋಮೀಟರ್ ಆದ್ದರಿಂದ ಭೂಮಿಯ ಸುತ್ತಳತೆ 40,000 ಕಿಲೋಮೀಟರಿನ ಹತ್ತಿರ ಬರುತ್ತದೆ. ಎರಾಟೊಸ್ತನೀಸ್ ಎರಡು ಸಾವಿರ ವರ್ಷಗಳಿಗೂ ಹಿಂದೆ ಈಜಿಪ್ಟಿನಲ್ಲಿ ಮಾಡಿದ ಲೆಕ್ಕವನ್ನು ಎರಡು ಶಾಲೆಗಳು ಒಂದು ಫೋನ್ ಕರೆಯ ನೆರವಿನಿಂದ ಮಾಡಿ ಮುಗಿಸಬಹುದು. ಕೃತಕ ಸಿಡಿಲು ನೋಡುಗನನ್ನು ಪ್ರೇಕ್ಷಕನಾಗಿ ಉಳಿಸಿದರೆ ಈ ಕೋಲು ಅವನನ್ನು ಅಳೆಯುವವನನ್ನಾಗಿ ಮಾಡುತ್ತದೆ, ಮತ್ತು ಮೋಡ ಕವಿದು ಪ್ರಯೋಗ ಕೆಟ್ಟರೆ ಆಗಸ್ಟಿನವರೆಗೆ ಕಾಯುವ ತಾಳ್ಮೆಯನ್ನೂ ಕೇಳುತ್ತದೆ.

ಪ್ರಕೃತಿ ವೀಕ್ಷಣೆಯ ಕಾರ್ಯಕ್ರಮಗಳಲ್ಲೂ ಇದೇ ಭೇದ ಕಾಣುತ್ತದೆ, ಮತ್ತು ಅದನ್ನು ಲಾಲ್‌ಬಾಗ್ ಒಂದರೊಳಗೇ ತೋರಿಸಬಹುದು. ಹೈದರಾಲಿ 1760ರಲ್ಲಿ ಆರಂಭಿಸಿದ ಈ ತೋಟದ ಗಾಜಿನ ಮನೆಯಲ್ಲಿ ಗಣರಾಜ್ಯೋತ್ಸವ ಮತ್ತು ಸ್ವಾತಂತ್ರ್ಯೋತ್ಸವಗಳ ಹೊತ್ತಿಗೆ ನಡೆಯುವ ಫಲಪುಷ್ಪ ಪ್ರದರ್ಶನಕ್ಕೆ ಲಕ್ಷಾಂತರ ಜನ ಬರುತ್ತಾರೆ. ಸ್ಮಾರಕಗಳ ಆಕಾರದಲ್ಲಿ ಪೋಣಿಸಿಟ್ಟ ಗುಲಾಬಿ, ಸೇವಂತಿಗೆಗಳನ್ನು ನೋಡಿದ ಆ ಜನರಿಗೆ ಒಂದು ಗಿಡದ ಬಗೆಗಾದರೂ ಹೊಸದೇನನ್ನು ಹೇಳಿ ಕಳಿಸಲಾಯಿತು ಎಂದು ಕೇಳಿದರೆ ಉತ್ತರ ಸಂಕೋಚದ್ದು. ಅದೇ ತೋಟದ ಬಂಡೆ ಸುಮಾರು 300 ಕೋಟಿ ವರ್ಷ ಹಳೆಯ ನೈಸ್ ಶಿಲೆ, ಎಂದರೆ ಅಪಾರ ಶಾಖ ಮತ್ತು ಒತ್ತಡಗಳಿಗೆ ಸಿಕ್ಕಿ ಪಟ್ಟೆಪಟ್ಟೆಯಾಗಿ ರೂಪಾಂತರಗೊಂಡ ಕಲ್ಲು. ದಕ್ಷಿಣ ಭಾರತದ ತಳಹದಿಯಾದ ಈ ಶಿಲಾವರ್ಗಕ್ಕೆ ‘ಪೆನಿನ್ಸುಲರ್ ನೈಸ್’ ಎಂಬ ಹೆಸರಿತ್ತವರು ಮೈಸೂರು ಭೂವಿಜ್ಞಾನ ಇಲಾಖೆಯ ಸ್ಮೀತ್. ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೆಂಬ ಮಾನ್ಯತೆ ಪಡೆದ ಈ ಬಂಡೆಯ ಮೇಲೆ ಹತ್ತುವ ಬಹುಪಾಲು ಜನರ ಗಮನ ತುದಿಯ ಕೆಂಪೇಗೌಡ ಗೋಪುರದ ಮೇಲೆ ಮಾತ್ರ.

ಇದಕ್ಕೆ ಎದುರಾಗಿ ನಿಲ್ಲುವುದು ಪಕ್ಷಿವೀಕ್ಷಕರ ಎರಡನೆಯ ಭಾನುವಾರ. ಜೋಸೆಫ್ ಜಾರ್ಜ್ ಅವರ ಮುಂದಾಳ್ತನದಲ್ಲಿ 1970ರ ದಶಕದ ಆರಂಭದಲ್ಲಿ ಕೂಡಿಕೊಂಡ ಬೆಂಗಳೂರು ಪಕ್ಷಿವೀಕ್ಷಕರ ಕ್ಷೇತ್ರ ಬಳಗವು ತಿಂಗಳ ಎರಡನೆಯ ಭಾನುವಾರದ ಬೆಳಿಗ್ಗೆ ಲಾಲ್‌ಬಾಗಿನಲ್ಲಿ ಸೇರುವ ಪರಿಪಾಠವನ್ನು ಬೆಳೆಸಿತು. ಒಂದೇ ತೋಟವನ್ನು ದಶಕಗಳ ಕಾಲ ನೋಡಿದಾಗಲೇ ಯಾವ ಹಕ್ಕಿ ವಲಸೆ ಬಂದಿದೆ ಎಂಬುದರ ಜೊತೆಗೆ ಯಾವುದು ಬರುವುದನ್ನು ನಿಲ್ಲಿಸಿದೆ ಎಂಬುದೂ ತಿಳಿಯುವುದು. ಹವ್ಯಾಸಿಗಳ ಇಂಥ ಟಿಪ್ಪಣಿಗಳಿಂದಲೇ ಬೆಂಗಳೂರಿನ ಹಕ್ಕಿಗಳ ವಿವರಣಾತ್ಮಕ ಪಟ್ಟಿ 1994ರಲ್ಲಿ ಹೊರಬಂದಿತು. ಇಂದು ಫೆಬ್ರವರಿಯ ನಾಲ್ಕು ದಿನಗಳ ಜಾಗತಿಕ ಹಕ್ಕಿ ಎಣಿಕೆಯಲ್ಲಿ ಪಾಲ್ಗೊಳ್ಳುವ ಕಾಲೇಜು ವಿದ್ಯಾರ್ಥಿಗಳಿಗೆ ಮೊಬೈಲಿನಲ್ಲೇ ಪಟ್ಟಿ ಸಲ್ಲಿಸುವ ಸೌಕರ್ಯವಿದೆ. ಆದರೆ ಎಣಿಕೆಯ ದಿನ ಮಾತ್ರ ಹೊರಬಿದ್ದು ಅತಿ ಹೆಚ್ಚು ಪ್ರಭೇದಗಳನ್ನು ಗುರುತಿಸುವ ಪೈಪೋಟಿಗೆ ಇಳಿಯುವ ಪ್ರವೃತ್ತಿಯೂ ಇದರೊಂದಿಗೆ ಬಂದಿದೆ. ಹೆಸರು ಹಚ್ಚುವುದು ನಡಿಗೆಯ ಮೊದಲ ಮೆಟ್ಟಿಲು. ಈ ಮರದಲ್ಲೇ ಏಕೆ, ಈ ತಿಂಗಳಲ್ಲೇ ಏಕೆ ಎಂಬ ಪ್ರಶ್ನೆಗಳಿಗೆ ಮುಂದಾಳು ಎಡೆಗೊಡದಿದ್ದರೆ ನಡಿಗೆ ಅಲ್ಲಿಗೇ ನಿಲ್ಲುತ್ತದೆ.

ಈ ಎಲ್ಲ ಚಟುವಟಿಕೆಗಳು ಯಾರನ್ನು ತಲುಪುತ್ತವೆ ಎಂಬ ಪ್ರಶ್ನೆಯಲ್ಲಿ ನಗರದ ಸಾಧನೆ ಅಷ್ಟೇನೂ ಹೆಮ್ಮೆಯದಲ್ಲ. ಸಂಶೋಧನಾ ಸಂಸ್ಥೆಗಳ ಸಾರ್ವಜನಿಕ ಉಪನ್ಯಾಸಗಳು ಬಹುಪಾಲು ಇಂಗ್ಲಿಷಿನಲ್ಲಿ ನಡೆಯುತ್ತವೆ. ಪ್ರಕೃತಿ ನಡಿಗೆಗಳ ಮಾತುಕತೆಯೂ ಹೆಚ್ಚಾಗಿ ಅದೇ ಭಾಷೆಯಲ್ಲಿ ಸಾಗಿ, ಅದೇ ಉದ್ಯಾನದ ಮರಗಿಡಗಳನ್ನು ದಿನವೂ ನೋಡಿಕೊಳ್ಳುವ ಮಾಲಿಗಳು ಆ ಗುಂಪನ್ನು ದೂರದಿಂದ ನೋಡುತ್ತ ನಿಲ್ಲುತ್ತಾರೆ. ಜನರಿಗೆ ಕನ್ನಡದಲ್ಲಿ ವಿಜ್ಞಾನ ಬೇಡವೆಂಬ ವಾದವನ್ನು ತಾರಾಲಯದ ಕನ್ನಡ ಪ್ರದರ್ಶನಗಳು ದಶಕಗಳಿಂದ ಸುಳ್ಳುಮಾಡುತ್ತ ಬಂದಿವೆ. ಉಪನ್ಯಾಸ ಕೇಳಿ ಅರ್ಥ ಮಾಡಿಕೊಳ್ಳುವಷ್ಟು ಇಂಗ್ಲಿಷ್ ಬಲ್ಲವರಲ್ಲೂ ತುಂಬಿದ ಸಭೆಯಲ್ಲಿ ಎದ್ದುನಿಂತು ಆ ಭಾಷೆಯಲ್ಲಿ ಪ್ರಶ್ನೆ ಕೇಳಲು ಹಿಂಜರಿಯುವವರು ಅನೇಕರಿದ್ದಾರೆ. ಪ್ರಶ್ನೆಯೇ ಇಂಥ ಸಭೆಯ ಜೀವಾಳವೆಂದು ಒಪ್ಪುವುದಾದರೆ, ಕನ್ನಡದಲ್ಲಿ ಕೇಳಿದ ಪ್ರಶ್ನೆಗೆ ಕನ್ನಡದಲ್ಲಿ ಉತ್ತರಿಸುವ ಏರ್ಪಾಡನ್ನಾದರೂ ಪ್ರತಿ ಸಂಸ್ಥೆಯೂ ಮಾಡಬಹುದು, ಮತ್ತು ಅದಕ್ಕೆ ಸಂಸ್ಥೆಯೊಳಗೇ ಇರುವ ಕನ್ನಡ ಬಲ್ಲ ಸಂಶೋಧಕನೊಬ್ಬ ಸಾಕು. ಕೇಳಿದ ಮಾತು ಸಭೆಯ ಆಚೆಗೆ ಉಳಿಯುವ ಬಗೆಯೂ ಹಿಂದಿನದಕ್ಕಿಂತ ಬಡವಾಗಿದೆ. ಮೈಸೂರು ವಿಶ್ವವಿದ್ಯಾನಿಲಯವು ಪ್ರಚಾರೋಪನ್ಯಾಸಗಳ ಜೊತೆಜೊತೆಗೇ ಪ್ರಚಾರ ಪುಸ್ತಕಮಾಲೆಯನ್ನು ಹೊರತಂದು, ಪ್ರಾಧ್ಯಾಪಕರ ಕನ್ನಡ ವಿವರಣೆಗಳನ್ನು ಅಗ್ಗದ ಸಣ್ಣ ಹೊತ್ತಗೆಗಳಾಗಿ ಊರೂರಿಗೆ ತಲುಪಿಸಿತ್ತು. ಇಂದಿನ ಉಪನ್ಯಾಸಗಳು ಒಂದೂವರೆ ಗಂಟೆಯ ಇಂಗ್ಲಿಷ್ ವಿಡಿಯೊಗಳಾಗಿ ಕೂಡಿಬೀಳುತ್ತಿವೆ, ಮತ್ತು ಚಿಕ್ಕಬಳ್ಳಾಪುರದ ಪ್ರೌಢಶಾಲೆಯ ವಿಜ್ಞಾನ ಶಿಕ್ಷಕಿಯೊಬ್ಬಳು ತನ್ನ ತರಗತಿಯಲ್ಲಿ ಬಳಸಬಹುದಾದ ಎಂಟು ಪುಟದ ಕನ್ನಡ ಬರಹವಾಗಿ ಅವುಗಳಲ್ಲಿ ಒಂದನ್ನು ಮಾರ್ಪಡಿಸುವ ಹೊಣೆ ಸದ್ಯಕ್ಕೆ ಯಾವ ಸಂಸ್ಥೆಯ ಕಾರ್ಯಕ್ರಮ ಪಟ್ಟಿಯಲ್ಲೂ ಎದ್ದುಕಾಣುವುದಿಲ್ಲ.