ಕಾಂಡ ಉಜ್ಜುವ ಕೈಗಳು

ಮಲೆನಾಡಿನ ಸಣ್ಣ ಸಾವಯವ ಕಾಫಿ ತೋಟಗಳಲ್ಲಿ ನಾನು ಬಹಳ ಮೆಚ್ಚುವ ಕೆಲಸ ಅರೇಬಿಕಾ ಗಿಡದ ಕಾಂಡ ಉಜ್ಜುವುದು. ಬಿಳಿ ಕಾಂಡಕೊರಕದ ಹೆಣ್ಣು ದುಂಬಿ ಒರಟು ತೊಗಟೆಯ ಬಿರುಕುಗಳಲ್ಲಿ ಮೊಟ್ಟೆಯಿಡುತ್ತದೆ. ವಿಷ ಹೊಡೆಯುವಂತಿಲ್ಲ. ಹಾಗಾಗಿ ದುಂಬಿ ಹಾರುವ ಏಪ್ರಿಲ್-ಮೇ, ಅಕ್ಟೋಬರ್-ಡಿಸೆಂಬರ್ ಬರುವ ಮುನ್ನವೇ ತೆಂಗಿನ ನಾರಿನ ಕೈಗವಸು ತೊಟ್ಟು ಬುಡದಿಂದ ದಪ್ಪ ರೆಂಬೆಗಳವರೆಗೆ ಉಜ್ಜುತ್ತಾರೆ. ಸಡಿಲ ತೊಗಟೆ ಹೊಟ್ಟಿನಂತೆ ಉದುರಿ ಕಾಂಡ ನುಣ್ಣಗಾಗುತ್ತದೆ. ಒಳಗಿನ ಹಸಿ ತೊಗಟೆಗೆ ಗಾಯವಾಗಬಾರದು. ಆ ಹದ ಪಳಗಿದ ಕೈಗೇ ಗೊತ್ತು. ಉಜ್ಜುವಾಗ ಉಬ್ಬಿದ ಏಣು ಬೆರಳಿಗೆ ಸಿಕ್ಕರೆ ಒಳಗೆ ಹುಳು ಸೇರಿದೆಯೆಂದೇ ಲೆಕ್ಕ. ಎಷ್ಟೇ ಸಂಕಟವಾದರೂ ಆ ಗಿಡವನ್ನು ಕಿತ್ತು ಸುಡಬೇಕು. ದುಂಬಿಗೆ ಬಿಸಿಲು ಬಿದ್ದ ಗಿಡವೇ ಇಷ್ಟ. ಅದಕ್ಕೇ ನೆರಳುಮರಗಳ ಕೊಂಬೆ ಸವರುವ ಮರಗಸಿ ಮಾಡುವಾಗಲೂ ಬಲ್ಲವರು ನೆರಳನ್ನು ಪೂರ್ತಿ ತೆರೆಯುವುದಿಲ್ಲ.