ಕಾನೆಮರಾ ಪ್ರಭುವಿನ ರಾಜಕೀಯ ಜೀವನ: ಒಂದು ವಿಮರ್ಶೆ

ಕೋಡಂಬಾಕ್ಕಂನಿಂದ ರೈಲು ಹಿಡಿದು ಎಗ್ಮೂರಿನಲ್ಲಿಳಿದು, ಕಾನೆಮರಾ ಗ್ರಂಥಾಲಯದಲ್ಲಿ ಕನ್ನಡ ಗ್ರಂಥವನ್ನು ಕೇಳಿ ಪಡೆಯುವ ವಾಚಕರಲ್ಲಿ ಆ ಹೆಸರಿನ ಪೂರ್ವೇತಿಹಾಸವನ್ನು ಬಲ್ಲವರು ವಿರಳ. ಹೆಸರೊಂದು ಕಟ್ಟಡದ ಮೇಲೆ ನಿಂತ ಮಾತ್ರಕ್ಕೆ ಆ ಹೆಸರಿನವನ ರಾಜಕೀಯವೆಲ್ಲ ಸಾರ್ಥಕವಾಯಿತೆಂದು ಭಾವಿಸುವುದು ಸುಲಭ, ಸಾಧುವಲ್ಲ.

ರಾಬರ್ಟ್ ಬೋರ್ಕ್ (1827–1902) ಐರ್ಲೆಂಡಿನ ಮೇಯೋ ಅರ್ಲ್ ಮನೆತನದವನು. ಬೆಂಗಳೂರಿನ ಮೇಯೋ ಹಾಲ್ ಯಾರ ಸ್ಮಾರಕವೋ, 1872ರಲ್ಲಿ ಅಂಡಮಾನಿನಲ್ಲಿ ಹತನಾದ ಆ ವೈಸರಾಯ್ ಈತನ ಅಣ್ಣ. ತಮ್ಮನು 1868ರಿಂದ 1886ರವರೆಗೆ ಕಿಂಗ್ಸ್ ಲಿನ್ ಕ್ಷೇತ್ರದಿಂದ ಪಾರ್ಲಿಮೆಂಟಿನ ಸದಸ್ಯನಾಗಿದ್ದು, ಎರಡು ಬಾರಿ ವಿದೇಶಾಂಗ ಖಾತೆಯ ಉಪಕಾರ್ಯದರ್ಶಿಯಾಗಿ ದುಡಿದನು. 1886ರಲ್ಲಿ ಮದರಾಸಿನ ಗವರ್ನರಾದನು. ಮರುವರ್ಷ ಕಾನೆಮರಾ ಪ್ರಭುವೆಂಬ ಬಿರುದು ದೊರೆಯಿತು.

ಈ ಜೀವನದ ವೈಷಮ್ಯವಿರುವುದು ಇಲ್ಲಿಯೇ. ಹದಿನೆಂಟು ವರ್ಷ ಮತದಾರರ ಮುಂದೆ ನಿಂತು ಉತ್ತರ ಹೇಳಿದವನು, ಬಳ್ಳಾರಿ ಮತ್ತು ದಕ್ಷಿಣ ಕನ್ನಡ ಜಿಲ್ಲೆಗಳನ್ನೊಳಗೊಂಡ ವಿಶಾಲ ಪ್ರಾಂತವನ್ನಾಳುವಾಗ ಒಬ್ಬ ಮತದಾರನಿಗೂ ಉತ್ತರ ಹೇಳಬೇಕಾಗಿರಲಿಲ್ಲ. ಅಂದಿನ ಶಾಸನ ಸಭೆಯ ಸದಸ್ಯರೆಲ್ಲರೂ ಅಧಿಕಾರ ಬಲದಿಂದ ಬಂದವರು ಅಥವಾ ನಾಮಕರಣಗೊಂಡವರು. 1889ರ ಗಂಜಾಂ ಕ್ಷಾಮದಲ್ಲಿ ಈತನು ಸ್ಥಳಕ್ಕೆ ಹೋಗಿ ಪರಿಸ್ಥಿತಿಯನ್ನು ಕಂಡುದು ಸ್ತುತ್ಯವೇ. ಆದರೆ ಪ್ರಜೆಯ ಹಕ್ಕಾಗಬೇಕಾದುದು ಅಲ್ಲಿ ಆಳುವವನ ದಯೆಯಾಗಿ ಉಳಿಯಿತು. ಇದು ವ್ಯಕ್ತಿಯ ದೋಷಕ್ಕಿಂತ ಹೆಚ್ಚಾಗಿ ವ್ಯವಸ್ಥೆಯ ದೋಷ. ಆದರೂ ಆ ವ್ಯವಸ್ಥೆಯ ಫಲವನ್ನು ಉಂಡವನು ಅದರ ವಿಮರ್ಶೆಯಿಂದ ಹೊರಗುಳಿಯಲಾರನು.

1890ರಲ್ಲಿ ಈತನು ಅಧಿಕಾರವನ್ನು ಬಿಟ್ಟನು. ಅದೇ ವರ್ಷ ಪತ್ನಿಯು ವಿವಾಹ ವಿಚ್ಛೇದನವನ್ನು ಪಡೆದಳು. ಲೋಕವು ಆ ಮೊಕದ್ದಮೆಯನ್ನೇ ಹೆಚ್ಚಾಗಿ ಮಾತನಾಡಿತು. ಸಾರ್ವಜನಿಕ ಕಾರ್ಯವನ್ನು ಅಳೆಯಲು ಅದು ತಕ್ಕ ಅಳತೆಗೋಲಲ್ಲ.

ತಕ್ಕ ಅಳತೆಗೋಲು ಗ್ರಂಥಾಲಯವೇ. 1890ರ ಮಾರ್ಚ್ 22ರಂದು ಈತನು ಶಿಲಾನ್ಯಾಸ ಮಾಡಿದನು. ದ್ವಾರ ತೆರೆದುದು 1896ರ ಡಿಸೆಂಬರ್ 5ರಂದು, ಬೇರೊಬ್ಬ ಗವರ್ನರನ ಕಾಲದಲ್ಲಿ. ಅದರ ಬೀಜವಾದರೋ 1860ರಷ್ಟು ಹಿಂದೆಯೇ, ಮ್ಯೂಸಿಯಮ್ಮಿನ ಪುಸ್ತಕ ಸಂಗ್ರಹದಲ್ಲಿತ್ತು. ಸ್ವಾತಂತ್ರ್ಯಾನಂತರ 1954ರ ಗ್ರಂಥಾರ್ಪಣ ಶಾಸನದ ಫಲವಾಗಿ, ಭಾರತದಲ್ಲಿ ಅಚ್ಚಾಗುವ ಪ್ರತಿಯೊಂದು ಗ್ರಂಥದ ಪ್ರತಿಯೂ, ಕನ್ನಡದ್ದನ್ನೂ ಒಳಗೊಂಡು, ಅಲ್ಲಿಗೆ ಸಲ್ಲಬೇಕೆಂಬ ನಿಯಮವಾಯಿತು. ಮದರಾಸಿನ ಕನ್ನಡಿಗನಿಗೆ ಅದು ಹಕ್ಕಿನ ಪುಸ್ತಕಭಂಡಾರವಾದುದು ಪ್ರಭುವಿನ ಔದಾರ್ಯದಿಂದಲ್ಲ, ಪ್ರಜಾಪ್ರತಿನಿಧಿಗಳು ಮಾಡಿದ ಶಾಸನದಿಂದ.

ಕಲ್ಲಿಟ್ಟವನಿಗೆ ಸಲ್ಲಬೇಕಾದ ಗೌರವ ಸಲ್ಲಲಿ. ಆದರೆ ಅವನು ಪ್ರಜೆಗೆ ಕೊಡದೆ ಹೋದ ಹಕ್ಕನ್ನು ಆ ಗೌರವದ ಮರೆಯಲ್ಲಿ ಮರೆಯಲಾಗದು.